ತೊಲೆಯ ತುದಿಯಲ್ಲಿ ಐದು ಕಿರು ಉಂಗುರ

ಕಳೆದ ಬೇಸಿಗೆಯಲ್ಲಿ ಹಳಿಯಾಳದ ಹತ್ತಿರದ ನಮ್ಮೂರಿನ ಹಳೇ ಮನೆಯನ್ನು ಇಳಿಸಿದೆವು. ಮುತ್ತಜ್ಜ ಕಟ್ಟಿಸಿದ್ದು. ಪಾಲು-ಪಟ್ಟಿ ಮುಗಿದು, ಹೆಂಚು ತಿರುವಿ ಹಾಕುವವರಿಲ್ಲದೆ ಎರಡು ಮಳೆಗಾಲ ಸೋರಿ, ಹಿತ್ತಲ ಗೋಡೆ ಕುಸಿದ ಮೇಲೆ ಬೇರೆ ದಾರಿ ಇರಲಿಲ್ಲ. ಪುಣೆಯಿಂದ ಶುಕ್ರವಾರ ರಾತ್ರಿ ಬಸ್ಸು ಹಿಡಿದು ನಾನು ಮುಟ್ಟುವಷ್ಟರಲ್ಲಿ ಹೆಂಚು ಇಳಿದಿದ್ದವು, ಜಂತಿಗಳನ್ನು ಅಂಗಳದಲ್ಲಿ ಒಟ್ಟಿದ್ದರು. ಪಡಸಾಲೆಯ ಮೂರು ಸಾಗವಾನಿ ತೊಲೆಗಳನ್ನು ಕಟ್ಟಿಗೆ ಅಡ್ಡೆಯವನು ಲಾರಿಗೆ ಹಿಡಿಸಲೆಂದು ತುಂಡು ಮಾಡಿಸುತ್ತಿದ್ದ.

ಕುಯ್ದ ತುದಿಯನ್ನು ನೋಡುತ್ತ ನಿಂತೆ. ಒಲೆಯ ಹೊಗೆ, ಎಣ್ಣೆ ಹತ್ತಿ ಹೊರಗೆ ಕಪ್ಪಗಾಗಿದ್ದ ತೊಲೆ ಒಳಗೆ ಜೇನಿನ ಬಣ್ಣಕ್ಕಿತ್ತು. ನಡುವಿನಿಂದ ಅಂಚಿನವರೆಗೆ ಉಂಗುರದ ಸುತ್ತ ಉಂಗುರ. ಒಂದು ಕಡೆ ಮಾತ್ರ ಐದು ಉಂಗುರಗಳು ಒಂದಕ್ಕೊಂದು ಅಂಟಿಕೊಂಡಂತೆ ಕಿರಿದಾಗಿದ್ದವು.

"ಏನ್ ನೋಡಾಕತ್ತೀಯೋ ತಮ್ಮಾ, ತೊಲಿ ತುದಿಯೊಳಗ?" ಕಾಕಾ ಬಂದರು. ತೋರಿಸಿದೆ. ಅವರು ಬಗ್ಗಿ, ಉಗುರಿನಿಂದ ಆ ಐದನ್ನೂ ಸವರಿ, "ಇದು ಬರಗಾಲ. ಆವಾಗ ಮರಾನೂ ಉಪಾಸ ಬಿದ್ದಿರತಾವ" ಅಂದರು.

"ಯಾವ ಬರಗಾಲ ಕಾಕಾ?"

"ಅದನ್ನ ಕಲ್ತಾಂವ ನೀ ಹೇಳಬೇಕು."

ಅಡ್ಡೆಯವನನ್ನು ಕೇಳಿ ಆ ತುದಿಯಿಂದ ಎರಡು ಬೆರಳು ದಪ್ಪದ ಬಿಲ್ಲೆ ಕುಯ್ಯಿಸಿಕೊಂಡೆ. ಪುಣೆಯ ಮನೆಯ ಬಾಲ್ಕನಿಯಲ್ಲಿ ಕೂತು ಮರಳು ಕಾಗದದಿಂದ ತಿಕ್ಕಿದೆ. ಒರಟಿನಿಂದ ಶುರು ಮಾಡಿ ನಯಕ್ಕೆ ಬರುವಷ್ಟರಲ್ಲಿ ಮೂರು ಭಾನುವಾರ ಹೋದವು. ಎಣಿಸಿದೆ. 94 ಉಂಗುರ. ಆ ಕಿರಿದಾದ ಗುಂಪು ಹೊರ ಅಂಚಿನಿಂದ ಸುಮಾರು 31ನೆಯದು. ಕಲಿತವನು ಹೇಳಬೇಕು ಅಂದರಲ್ಲ ಕಾಕಾ! ಇದು 1876-78ರ ಬರ ಇರಬಹುದೇ? ನಮ್ಮ ಕಡೆ ಧಾತು, ಈಶ್ವರ ಸಂವತ್ಸರಗಳ ಬರ ಎಂದು ಹೇಳುತ್ತಾರಲ್ಲ, ಮೈಸೂರು ಸಂಸ್ಥಾನವನ್ನೂ ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳನ್ನೂ ನಲುಗಿಸಿದ ಬರ. ನಾನು ಓದಿದ ಎಂ.ಟೆಕ್ ಇದಕ್ಕೆ ಯಾವ ಸಹಾಯವನ್ನೂ ಮಾಡಲಿಲ್ಲ. ಆದರೆ ಉತ್ತರ ಹುಡುಕುತ್ತ ಹೋದಾಗ ಒಬ್ಬ ಮನುಷ್ಯನ ಕತೆ ಸಿಕ್ಕಿತು. ಕೆಲವು ತಿಂಗಳು ನಾನು ಅದರಲ್ಲೇ ಮುಳುಗಿದ್ದೆ.

ಉಂಗುರಗಳಿಂದ ವರ್ಷ ಗುರುತಿಸುವ ವಿದ್ಯೆಗೆ ಡೆಂಡ್ರೊಕ್ರೊನಾಲಜಿ ಎಂದು ಹೆಸರು. ಇದನ್ನು ಕಟ್ಟಿದವನು ಸಸ್ಯವಿಜ್ಞಾನಿಯಲ್ಲ, ಖಗೋಳ ವಿಜ್ಞಾನಿ. ಅದೂ ಕೆಲಸ ಕಳೆದುಕೊಂಡ ಖಗೋಳ ವಿಜ್ಞಾನಿ. ಆಂಡ್ರ್ಯೂ ಎಲಿಕಾಟ್ ಡಗ್ಲಾಸ್ 1867ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ಹುಟ್ಟಿದ. ಹಾರ್ವರ್ಡ್ ವೀಕ್ಷಣಾಲಯದ ಪರವಾಗಿ ಪೆರು ದೇಶದ ಅರೆಕಿಪಾದಲ್ಲಿ ದೂರದರ್ಶಕ ಕೂಡಿಸಿ ಬಂದವನನ್ನು 1894ರಲ್ಲಿ ಪರ್ಸಿವಲ್ ಲೊವೆಲ್ ಎಂಬ ಶ್ರೀಮಂತ ಕೆಲಸಕ್ಕಿಟ್ಟುಕೊಂಡ. ಮಂಗಳ ಗ್ರಹದ ಮೇಲೆ ಬುದ್ಧಿವಂತ ಜೀವಿಗಳು ತೋಡಿದ ಕಾಲುವೆಗಳಿವೆ ಎಂದು ಜಗತ್ತಿಗೆಲ್ಲ ಸಾರಿದ ಲೊವೆಲ್ ಇವನೇ. ಅವನಿಗಾಗಿ ಅರಿಝೋನಾದಲ್ಲೆಲ್ಲ ತಿರುಗಿ, ಆಕಾಶ ತಿಳಿಯಾಗಿರುವ ಜಾಗ ಹುಡುಕಿ, ಫ್ಲ್ಯಾಗ್‌ಸ್ಟಾಫ್ ಊರನ್ನು ಆರಿಸಿದ್ದು ಡಗ್ಲಾಸ್.

ಏಳು ವರ್ಷ ಅಲ್ಲಿ ದುಡಿದ. ಕ್ರಮೇಣ ಅವನಿಗೆ ಅನುಮಾನ ಶುರುವಾಯಿತು. ಬಿಳಿ ತಟ್ಟೆಗಳನ್ನು ದೂರದಲ್ಲಿಟ್ಟು, ಅವೇ ಗ್ರಹಗಳೆಂಬಂತೆ ದೂರದರ್ಶಕದಲ್ಲಿ ನೋಡಿದ. ಏನೂ ಬರೆಯದ ತಟ್ಟೆಯ ಮೇಲೂ ಗೆರೆಗಳು ಕಂಡವು. ಅಂದರೆ ಕಾಲುವೆಗಳಲ್ಲಿ ಒಂದಷ್ಟಾದರೂ ನೋಡುವವನ ಕಣ್ಣೊಳಗೇ ಇದ್ದವು. ಲೊವೆಲ್ ಮೊದಲು ತೀರ್ಮಾನ ಮಾಡಿ ಆಮೇಲೆ ಪುರಾವೆ ಹುಡುಕುತ್ತಾನೆ ಎಂದು ಅವನ ಭಾವನಿಗೆ ಪತ್ರ ಬರೆದ. ಪತ್ರದ ವಿಷಯ ಯಜಮಾನನ ಕಿವಿಗೆ ಬಿತ್ತು. 1901ರಲ್ಲಿ ಕೆಲಸ ಹೋಯಿತು. ಮ್ಯಾನೇಜರನ ಮೇಲೆ ಅವನ ಮನೆಯವರಿಗೇ ದೂರು ಬರೆದರೆ ಏನಾಗುತ್ತದೆ ಎಂದು ಐಟಿಯಲ್ಲಿರುವ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಮೂವತ್ತನಾಲ್ಕರ ವಯಸ್ಸು ಎಂದಾಗ ನನಗೆ ಸ್ವಲ್ಪ ಚುರುಕ್ ಅಂತು.

ಊರು ಬಿಡಲಿಲ್ಲ. ಫ್ಲ್ಯಾಗ್‌ಸ್ಟಾಫ್‌ನಲ್ಲೇ ಚುನಾವಣೆಗೆ ನಿಂತು ಗೆದ್ದು, ಉಯಿಲು-ಆಸ್ತಿ ವ್ಯಾಜ್ಯ ನೋಡುವ ನ್ಯಾಯಾಧೀಶನಾದ. ಶಿಕ್ಷಕರ ತರಬೇತಿ ಶಾಲೆಯಲ್ಲಿ ಸ್ಪ್ಯಾನಿಷ್ ಪಾಠ ಹೇಳಿದ. ತಲೆಯೊಳಗೆ ಮಾತ್ರ ಸೂರ್ಯ ಕೂತಿದ್ದ. ಸೂರ್ಯನ ಮೇಲಿನ ಕಲೆಗಳು ಸುಮಾರು 11 ವರ್ಷಕ್ಕೊಮ್ಮೆ ಹೆಚ್ಚಿ ಕಡಿಮೆಯಾಗುತ್ತವೆ. ಅದು ಭೂಮಿಯ ಮಳೆಯನ್ನು ಏರುಪೇರು ಮಾಡುತ್ತದೆಯೇ? ದೂರದರ್ಶಕ ಬಂದದ್ದೇ 1600ರ ಆಚೀಚೆ. ಅದಕ್ಕಿಂತ ಹಿಂದಿನ ಲೆಕ್ಕ ಎಲ್ಲಿದೆ? ಅರಿಝೋನಾ ಒಣ ಸೀಮೆ. ಅಲ್ಲಿ ಮರ ಎಷ್ಟು ಬೆಳೆಯಬೇಕು ಎಂಬುದನ್ನು ನೀರೇ ತೀರ್ಮಾನಿಸುತ್ತದೆ. ಸೂರ್ಯ ಮಳೆಯನ್ನು ಆಳಿದರೆ, ಮಳೆ ಮರವನ್ನು ಆಳಿದರೆ, ಮರದ ಉಂಗುರದಲ್ಲಿ ಸೂರ್ಯನ ಚರಿತ್ರೆ ಇರಲೇಬೇಕು. 1904ರಲ್ಲಿ ಊರಿನ ಮರದ ಕಾರ್ಖಾನೆಯ ಅಂಗಳಕ್ಕೆ ಹೋಗಿ ಪಾಂಡೆರೋಸಾ ಪೈನ್ ದಿಮ್ಮಿಗಳ ತುದಿ ಅಳೆಯುತ್ತ ಕೂತ.

ಎಣಿಸುವುದೇನು ದೊಡ್ಡ ವಿದ್ಯೆ, ಮಕ್ಕಳೂ ಎಣಿಸುತ್ತಾರೆ ಎಂದು ನಾನೂ ಅಂದುಕೊಂಡಿದ್ದೆ. ಡಗ್ಲಾಸ್‌ಗೆ ಅರ್ಥವಾದದ್ದು ಎಣಿಕೆ ಸಾಲದು ಎಂಬುದು. ತೀರಾ ಕೆಟ್ಟ ವರ್ಷದಲ್ಲಿ ಮರ ಬುಡದ ಕಡೆ ಉಂಗುರವನ್ನೇ ಕಟ್ಟದಿರಬಹುದು. ನಡುವೆ ಒಣ ಹವೆ ಬಂದು ಮತ್ತೆ ಮಳೆಯಾದರೆ ಒಂದೇ ವರ್ಷಕ್ಕೆ ಎರಡು ಉಂಗುರದಂತೆ ಕಾಣಬಹುದು. ಒಂದು ಮರದಲ್ಲಿ ಎಣಿಸುತ್ತ ಹೋದರೆ ನೂರು ವರ್ಷದಲ್ಲಿ ಎರಡೋ ಮೂರೋ ಹೆಚ್ಚುಕಮ್ಮಿ ಖಂಡಿತ. ಆದರೆ ದಪ್ಪ-ಸಣ್ಣಗಳ ಒಟ್ಟು ಲಯ ಒಂದು ಸೀಮೆಯ ಮರಗಳಿಗೆಲ್ಲ ಒಂದೇ. ಒಮ್ಮೆ ಒಂದು ಕಡಿದ ಬುಡವನ್ನು ನೋಡಿದವನೇ, ಇತರ ಮರಗಳಲ್ಲಿ ಕಂಡಿದ್ದ ಕಿರು ಉಂಗುರಗಳ ಗುಂಪು ಇಲ್ಲಿ ತೊಗಟೆಗೆ ಹತ್ತಿರವಿದೆ ಎಂದು ಗುರುತಿಸಿ, ಇದನ್ನು ಕಡಿದು ಸುಮಾರು ಹತ್ತು ವರ್ಷವಾಗಿದೆ ಎಂದನಂತೆ. ಜಮೀನಿನವನು ಹೌದೆಂದ. 1911ರಲ್ಲಿ, ನೂರು ಕಿಲೋಮೀಟರ್ ದೂರದ ಪ್ರೆಸ್ಕಾಟ್ ಊರಿನ ಮರಗಳಲ್ಲೂ ಅದೇ ಲಯ ಕಂಡಾಗ ಅವನಿಗೆ ಖಾತ್ರಿಯಾಯಿತು.

ನನ್ನ ವೃತ್ತಿಯವರಿಗೆ ಇದನ್ನು ಹೀಗೆ ಹೇಳಬಹುದು. ಎರಡು ಸರ್ವರ್‌ಗಳ ಲಾಗ್ ನಿಮ್ಮ ಮುಂದಿವೆ. ಒಂದರಲ್ಲಿ ಸಮಯ ನಮೂದಾಗಿದೆ, ಇನ್ನೊಂದರಲ್ಲಿಲ್ಲ. ಕೆಲವು ಸಾಲುಗಳು ಬಿಟ್ಟುಹೋಗಿವೆ, ಕೆಲವು ಎರಡೆರಡು ಸಲ ಬಿದ್ದಿವೆ. ಸಾಲು ಎಣಿಸಿ ಹೊಂದಿಸಲು ಹೋದವನು ಕೆಡುತ್ತಾನೆ. ಎರಡರಲ್ಲೂ ಇರುವ ದೊಡ್ಡ ಅವಘಡಗಳನ್ನು ಮೊದಲು ಗುರುತಿಸಿ, ಅವುಗಳ ನಡುವಿನ ಅಂತರ ನೋಡಿ ಒಂದರ ಮೇಲೊಂದು ಜಾರಿಸುತ್ತ ಹೋಗಬೇಕು. ಡಗ್ಲಾಸ್ ಮಾಡಿದ್ದು ಇದನ್ನೇ: ಉದ್ದನೆಯ ಗೆರೆ ಕಾಗದದ ಪಟ್ಟಿಯಲ್ಲಿ ಕಿರಿದಾದ ಉಂಗುರ ಬಂದಲ್ಲಿ ಮಾತ್ರ ಒಂದು ಗೀಟು, ಉಂಗುರ ಎಷ್ಟು ಕಿರಿದೋ ಗೀಟು ಅಷ್ಟು ಉದ್ದ. ಒಂದು ಪಟ್ಟಿಯನ್ನು ಇನ್ನೊಂದರ ಪಕ್ಕ ಸರಿಸುತ್ತ ಹೋದರೆ ಒಂದು ಜಾಗದಲ್ಲಿ ಗೀಟುಗಳೆಲ್ಲ ಎದುರುಬದುರು ನಿಲ್ಲುತ್ತವೆ. ಬೇರೆಲ್ಲೂ ನಿಲ್ಲುವುದಿಲ್ಲ.

1906ರಲ್ಲಿ ಟೂಸಾನ್‌ನ ಅರಿಝೋನಾ ವಿಶ್ವವಿದ್ಯಾಲಯ ಸೇರಿದ ಅವನ ಬದುಕು ಇನ್ನೊಂದು ಕಡೆ ತಿರುಗಿದ್ದು ಪುರಾತತ್ತ್ವದವರಿಂದ. ಅಮೆರಿಕದ ನೈಋತ್ಯದಲ್ಲಿ ಪ್ಯೂಬ್ಲೊ ಜನರು ಬಿಟ್ಟುಹೋದ ಕಲ್ಲಿನ ಊರುಗಳಿವೆ. ಪ್ಯೂಬ್ಲೊ ಬೊನಿಟೊದಂಥ ಕಡೆ ನೂರಾರು ಕೋಣೆಗಳು. ನಮ್ಮ ಹಾಗೆ ಶಕವರ್ಷ ಕೆತ್ತಿಟ್ಟ ಶಾಸನಗಳಿಲ್ಲ. ಯಾವ ಶತಮಾನದವು ಎಂದು ಯಾರಿಗೂ ಗೊತ್ತಿರಲಿಲ್ಲ. ಆದರೆ ಮಾಡಿಗೆ ಹಾಕಿದ ತೊಲೆಗಳಿದ್ದವು. ಅವುಗಳ ತುಂಡುಗಳು ಡಗ್ಲಾಸ್‌ನ ಮೇಜಿಗೆ ಬರತೊಡಗಿದವು. ಅವು ತಮ್ಮತಮ್ಮೊಳಗೆ ಚೆನ್ನಾಗಿ ಹೊಂದಿದವು. ಆಜ್ಟೆಕ್ ಎಂಬ ಪಾಳೂರಿಗಿಂತ ಪ್ಯೂಬ್ಲೊ ಬೊನಿಟೊ ನಾಲ್ಕೈದು ದಶಕ ಹಳೆಯದು ಎಂದೂ ಹೇಳಲು ಬಂತು. 585 ವರ್ಷಗಳ ಒಂದು ಉದ್ದ ಸರಪಳಿಯೇ ಸಿದ್ಧವಾಯಿತು. ಆದರೆ ಅದು ಗಾಳಿಯಲ್ಲಿ ತೇಲುತ್ತಿತ್ತು. ಇಂದಿನ ಮರಗಳಿಂದ ಹಿಂದಕ್ಕೆ ಹೋಗುವ ಸರಪಳಿ, ಹೋಪಿ ಜನರ ಒರೈಬಿ ಹಳ್ಳಿಯ ಹಳೇ ಮನೆಗಳ ತೊಲೆ ಸೇರಿಸಿದ ಮೇಲೂ, 1260ರ ಹತ್ತಿರ ನಿಂತುಬಿಟ್ಟಿತು. ಒರೈಬಿಯಲ್ಲಿ ತೊಲೆಗೆ ಬೈರಿಗೆ ಹಾಕಿದ ಪ್ರತಿ ತೂತಿನಲ್ಲೂ ಒಂದು ನೀಲಿ ಟರ್ಕ್ವಾಯ್ಸ್ ಕಲ್ಲು ಇಡಬೇಕು ಎಂದು ಊರವರು ಷರತ್ತು ಹಾಕಿದ್ದರಂತೆ, ಮನೆಯ ಶಕ್ತಿಗೆ ಕೋಪ ಬರದಿರಲೆಂದು. ನನಗೆ ಈ ವಿವರ ಬಹಳ ಹಿಡಿಸಿತು. ನಾವು ನಮ್ಮ ತೊಲೆಯನ್ನು ಕುಯ್ಯುವಾಗ ಒಂದು ಕಾಯಿಯನ್ನೂ ಒಡೆಯಲಿಲ್ಲ.

ನ್ಯಾಷನಲ್ ಜಿಯೋಗ್ರಾಫಿಕ್ ಸೊಸೈಟಿಯ ಹಣದಲ್ಲಿ 1923, 1928, 1929 ಹೀಗೆ ಮೂರು ಸಲ ತೊಲೆ ಬೇಟೆ ನಡೆಯಿತು. 1929ರ ಜೂನ್ 22ರಂದು ಶೋ ಲೋ ಎಂಬ ಸಣ್ಣ ಊರಿನಲ್ಲಿ ಅಗೆಯುತ್ತಿದ್ದ ಲಿಂಡನ್ ಹಾರ್ಗ್ರೇವ್ ಮತ್ತು ಎಮಿಲ್ ಹೌರಿ ಎಂಬ ಇಬ್ಬರು ಯುವಕರಿಗೆ ಒಂದು ಅರೆಸುಟ್ಟ ತೊಲೆ ಸಿಕ್ಕಿತು. ಬೆಂಕಿಯಲ್ಲಿ ಇದ್ದಿಲಾದದ್ದರಿಂದಲೇ ಗೆದ್ದಲು, ಕೊಳೆ ಮುಟ್ಟದೆ ಉಳಿದಿತ್ತು. ಮುಟ್ಟಿದರೆ ಪುಡಿಯಾಗುವಂಥದ್ದಕ್ಕೆ ಹುರಿ ಸುತ್ತಿ ಎಬ್ಬಿಸಿದರು. ಇಬ್ಬರ ಹೆಸರಿನ ಮೊದಲಕ್ಷರ ಸೇರಿಸಿ ಎಚ್‌ಎಚ್-39 ಎಂದು ಗುರುತು ಹಾಕಿದರು. ಡಗ್ಲಾಸ್ ಅಲ್ಲೇ ಇದ್ದ. ಆ ರಾತ್ರಿ ದೀಪದ ಬೆಳಕಿನಲ್ಲಿ, ಮನಸ್ಸಿನಲ್ಲೇ ಅಚ್ಚಾಗಿದ್ದ ಲಯವನ್ನು ಅದರ ಮೇಲೆ ಹೊಂದಿಸುತ್ತ ಹೋದ. ಹೊರಗಿನ ಉಂಗುರ 1380. ಒಳಗಿನದು 1237. ತೇಲುತ್ತಿದ್ದ ಸರಪಳಿಯ ಕೊನೆಯೂ ಅದರಲ್ಲಿತ್ತು, ನಿಂತುಹೋಗಿದ್ದ ಸರಪಳಿಯ ಮೊದಲೂ ಅದರಲ್ಲಿತ್ತು. ಎರಡೂ ಮೊದಲಿನಿಂದಲೇ ಒಂದರ ಮೇಲೊಂದು ಸ್ವಲ್ಪ ಹಾಸಿಕೊಂಡಿದ್ದವು. ಆ ಭಾಗದ ಮಾದರಿಗಳು ತೀರಾ ಕಡಿಮೆ ಇದ್ದದ್ದರಿಂದ ಹೊಂದಿಸುವ ಧೈರ್ಯ ಬಂದಿರಲಿಲ್ಲ, ಅಷ್ಟೇ. ಒಂದೇ ರಾತ್ರಿಯಲ್ಲಿ ಹತ್ತಾರು ಪಾಳೂರುಗಳಿಗೆ ಇಸವಿ ಬಂತು. ಪ್ಯೂಬ್ಲೊ ಬೊನಿಟೊ ಹತ್ತನೇ ಶತಮಾನದಿಂದ ಹನ್ನೆರಡರ ಆರಂಭದವರೆಗಿನದು. ನಮ್ಮಲ್ಲಿ ರಾಷ್ಟ್ರಕೂಟರು ಹೋಗಿ ಕಲ್ಯಾಣದ ಚಾಲುಕ್ಯರು ಬಂದ ಕಾಲ. 1276ರಿಂದ 1299ರವರೆಗೆ ಸಾಲುಸಾಲು ಕಿರು ಉಂಗುರಗಳ ಬರಗಾಲವೂ ಕಣ್ಣಿಗೆ ಬಿತ್ತು. ಮೇಸಾ ವರ್ಡೆಯ ಬಂಡೆಮನೆಗಳನ್ನು ಜನ ಖಾಲಿ ಮಾಡಿದ್ದು ಆ ವರ್ಷಗಳಲ್ಲಿ.

ಇಷ್ಟು ಗೆದ್ದವನು ತಾನು ಹೊರಟ ದಾರಿಯಲ್ಲಿ ಮಾತ್ರ ಗೆಲ್ಲಲಿಲ್ಲ. ಹವಾಮಾನದ ಆವರ್ತ ಮತ್ತು ಮರದ ಬೆಳವಣಿಗೆಯ ಬಗ್ಗೆ 1919, 1928, 1936ರಲ್ಲಿ ಮೂರು ಸಂಪುಟ ಬರೆದ. ಉಂಗುರಗಳಲ್ಲಿ ಆವರ್ತ ಹುಡುಕಲು ಬೆಳಕಿನ ಯಂತ್ರವನ್ನೇ ಕಟ್ಟಿದ. 1922ರಲ್ಲಿ ಇಂಗ್ಲೆಂಡಿನ ಮೌಂಡರ್ ಪತ್ರ ಬರೆದು, 1645ರಿಂದ 1715ರವರೆಗೆ ಸೂರ್ಯನ ಮೇಲೆ ಕಲೆಗಳೇ ಇರಲಿಲ್ಲ ಎಂದು ತಿಳಿಸಿದಾಗ, ತನ್ನ ಮರಗಳಲ್ಲೂ ಅದೇ ಹೊತ್ತಿಗೆ 11 ವರ್ಷದ ಲಯ ಮಸುಕಾಗಿದೆ ಎಂದು ಡಗ್ಲಾಸ್ ಹಿಗ್ಗಿದ. ಆದರೆ 1972ರಲ್ಲಿ ಅವನದೇ ಪ್ರಯೋಗಾಲಯದ ಲಾಮಾರ್ಶ್ ಮತ್ತು ಫ್ರಿಟ್ಸ್ ಲೆಕ್ಕ ಹಾಕಿ ನೋಡಿದಾಗ ಪಶ್ಚಿಮ ಅಮೆರಿಕದ ಉಂಗುರಗಳ ಅಗಲಕ್ಕೂ ಸೂರ್ಯನ ಕಲೆಗಳಿಗೂ ನಂಟು ಸಿಗಲಿಲ್ಲ. ಅಷ್ಟರಲ್ಲಿ ಡಗ್ಲಾಸ್ ತೀರಿಕೊಂಡು ಹತ್ತು ವರ್ಷವಾಗಿತ್ತು. ಸೂರ್ಯನ ಗುರುತು ಉಂಗುರದಲ್ಲಿ ಇದ್ದದ್ದು ನಿಜ. ಅಗಲದಲ್ಲಲ್ಲ, ಕಟ್ಟಿಗೆಯೊಳಗಿನ ಇಂಗಾಲ-14ರ ಪ್ರಮಾಣದಲ್ಲಿ. ಸೂರ್ಯ ಮಂಕಾಗಿದ್ದ ಆ ಎಪ್ಪತ್ತು ವರ್ಷ ಅದರಲ್ಲಿ ನಿಚ್ಚಳವಾಗಿ ಕಾಣುತ್ತದೆ. ಅದನ್ನು ಅಳೆಯುವ ವಿದ್ಯೆ ಅವನ ಕಾಲದಲ್ಲಿ ಕಡೆಗಡೆಗೆ ಬಂತು.

ಅವನು 1937ರಲ್ಲಿ ಶುರು ಮಾಡಿದ ಉಂಗುರಗಳ ಪ್ರಯೋಗಾಲಯಕ್ಕೆ ವಿಶ್ವವಿದ್ಯಾಲಯ ಕೊಟ್ಟ ಜಾಗ ಫುಟ್‌ಬಾಲ್ ಸ್ಟೇಡಿಯಂನ ಗ್ಯಾಲರಿ ಕೆಳಗೆ. ತಾತ್ಕಾಲಿಕ ಎಂದೇ ಕೊಟ್ಟದ್ದು. ಸ್ವಂತ ಕಟ್ಟಡಕ್ಕೆ ಹೋದದ್ದು 2013ರಲ್ಲಿ. ಕರ್ನಾಟಕದ ಸರ್ಕಾರಿ ಕಚೇರಿಗಳನ್ನು ನೆನೆದು ಯಾರೂ ನಾಚಿಕೆ ಪಡಬೇಕಾಗಿಲ್ಲ.

ಈ ಎಲ್ಲ ಓದಿನ ನಡುವೆ ಗೊತ್ತಾದ ಇನ್ನೊಂದು ಸಂಗತಿ ನನ್ನನ್ನು ಪೆಚ್ಚಾಗಿಸಿತು. ದಿನಾ ಆಫೀಸಿಗೆ ಹೋಗುವಾಗ ಪಾಷಾಣದ ಹೋಮಿ ಭಾಭಾ ರಸ್ತೆಯಲ್ಲಿ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ಗೇಟು ದಾಟುತ್ತೇನೆ. ನಮ್ಮ ಸಾಗವಾನಿಯ ಉಂಗುರಗಳನ್ನು ಓದಿದವರು ಆ ಗೇಟಿನ ಒಳಗೇ ಇದ್ದರು. ಜಿ.ಬಿ. ಪಂತ್, ಕೆ. ರೂಪಕುಮಾರ್, ಎಚ್.ಪಿ. ಬೋರ್ಗಾಂವ್ಕರ್ ಮೊದಲಾದವರು ಹಿಮಾಲಯದ ದೇವದಾರುವಿನಿಂದ ಹಿಡಿದು ದಕ್ಷಿಣದ ಸಾಗವಾನಿವರೆಗೆ ದಶಕಗಟ್ಟಲೆ ಈ ಕೆಲಸ ಮಾಡಿದ್ದಾರೆ. ಉಷ್ಣವಲಯದ ಬಹುಪಾಲು ಮರಗಳಿಗೆ ಸ್ಪಷ್ಟ ಉಂಗುರ ಇರುವುದಿಲ್ಲ. ವರ್ಷವಿಡೀ ಬೆಳೆಯುವ ಮರಕ್ಕೆ ಗೆರೆ ಎಳೆಯಲು ಪುರುಸೊತ್ತೆಲ್ಲಿ? ಸಾಗವಾನಿ ಬೇಸಿಗೆಯಲ್ಲಿ ಎಲೆ ಉದುರಿಸಿ ನಿದ್ದೆ ಹೋಗುತ್ತದೆ, ಮಳೆ ಬಿದ್ದೊಡನೆ ದೊಡ್ಡ ದೊಡ್ಡ ರಂಧ್ರಗಳ ಸಾಲು ಕಟ್ಟುತ್ತದೆ. ಅದೇ ಗೆರೆ. ಜಾವಾದಲ್ಲಿ ಡಚ್ಚರ ಬೆರ್ಲಾಗೆ 1931ರಷ್ಟು ಹಿಂದೆಯೇ ಸಾಗವಾನಿಯಿಂದ 1514ರವರೆಗೆ ಹೋಗಿದ್ದ. ಬೋರ್ಗಾಂವ್ಕರ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಸರಪಳಿ ಕೇರಳದ ಮೂರು ಕಾಡುಗಳ ಸಾಗವಾನಿಯದು: 1481ರಿಂದ 2003ರವರೆಗೆ, 523 ವರ್ಷ. ಮುಂಗಾರು ಕೈಕೊಟ್ಟ, ಎಲ್ ನಿನೋ ಬಂದ ವರ್ಷಗಳಲ್ಲಿ ಮರ ಸಣ್ಣಗೆ ಬೆಳೆದದ್ದು ಅದರಲ್ಲಿ ಹೆಚ್ಚು ಸಲ ಕಾಣುತ್ತದೆ. ವಿಜಯನಗರದಲ್ಲಿ ಕೃಷ್ಣದೇವರಾಯ ಇನ್ನೂ ಪಟ್ಟಕ್ಕೆ ಬರದ ಕಾಲದ ಮಳೆಯ ಸುಳಿವು, ನಾನು ದಿನಾ ಹಾರ್ನ್ ಹೊಡೆಯುವ ರಸ್ತೆಯ ಪಕ್ಕದಲ್ಲಿ.

ಇದು ಬರೀ ಕುತೂಹಲದ ವಿಷಯವಲ್ಲ. ಅಮೆರಿಕದ ಕೊಲರಾಡೊ ನದಿಯ ನೀರನ್ನು 1922ರಲ್ಲಿ ಏಳು ರಾಜ್ಯಗಳು ಹಂಚಿಕೊಂಡವು. ಮೇಲಿನವರಿಗೆ 75 ಲಕ್ಷ ಎಕರೆ-ಅಡಿ, ಕೆಳಗಿನವರಿಗೆ 75 ಲಕ್ಷ. ಕೈಯಲ್ಲಿದ್ದದ್ದು ಕೆಲವೇ ವರ್ಷಗಳ ಹರಿವಿನ ಲೆಕ್ಕ. 1976ರಲ್ಲಿ ಸ್ಟಾಕ್ಟನ್ ಮತ್ತು ಜಾಕೋಬಿ ಉಂಗುರಗಳಿಂದ ನಾಲ್ಕು ಶತಮಾನದ ಹರಿವನ್ನು ಕಟ್ಟಿ ನೋಡಿದರೆ ಸರಾಸರಿ ಸುಮಾರು 135 ಲಕ್ಷ ಎಕರೆ-ಅಡಿ! ಹಂಚಿಕೊಂಡ ಆ ವರ್ಷಗಳು ಇಡೀ ದಾಖಲೆಯಲ್ಲೇ ವಿಪರೀತ ನೀರಿದ್ದ ವರ್ಷಗಳು. ಇಲ್ಲದ ನೀರನ್ನು ಕಾಗದದ ಮೇಲೆ ಹಂಚಿ ಕೂತಿದ್ದರು. ಜಗಳ ಇವತ್ತಿಗೂ ಮುಗಿದಿಲ್ಲ. ಇದನ್ನು ಓದುವಾಗ ಕಾವೇರಿಯ 740 ಟಿಎಂಸಿ ನೆನಪಾಗದ ಕನ್ನಡಿಗ ಇರಲಾರ. ಸಾಮಾನ್ಯ ವರ್ಷ ಎಂದರೆ ಇಷ್ಟು ನೀರು ಎಂದು ನ್ಯಾಯಮಂಡಳಿ ಇಟ್ಟ ಲೆಕ್ಕ ಅದು. ಸಂಕಷ್ಟದ ವರ್ಷ ಎಷ್ಟಕ್ಕೊಮ್ಮೆ ಬರುತ್ತದೆ ಎಂಬುದೇ ಪ್ರತಿ ಸಲದ ತಕರಾರು. ಕೊಡಗಿನಲ್ಲಿ, ವಯನಾಡಿನಲ್ಲಿ ನಿಂತಿರುವ ಹಳೇ ಸಾಗವಾನಿಗಳನ್ನೂ ಸಾಕ್ಷಿಕಟ್ಟೆಗೆ ಕರೆಯಬೇಕು ಎಂದು ನನಗಂತೂ ಅನ್ನಿಸುತ್ತದೆ. ಮರ ಕಡಿಯಬೇಕಾಗಿಲ್ಲ. ಪೆನ್ಸಿಲ್ ಗಾತ್ರದ ಕಡ್ಡಿಯೊಂದನ್ನು ಟೊಳ್ಳು ಬೈರಿಗೆಯಿಂದ ತೆಗೆದರೆ ಸಾಕು.

ಇನ್ನು ನನ್ನ ಬಿಲ್ಲೆ. ಹಳೇ ಬಡಿಗರು ತೊಲೆ ಮಾಡುವಾಗ ಹುಳ ಹಿಡಿಯುವ ಹೊರಗಿನ ಬಿಳಿ ಕಟ್ಟಿಗೆಯನ್ನು ಬಾಚಿಯಿಂದ ಕೆತ್ತಿ ಎಸೆದು, ಚೇಗನ್ನಷ್ಟೇ ಉಳಿಸುತ್ತಿದ್ದರು. ಹಾಗಾಗಿ ನನ್ನ 94ನೇ ಉಂಗುರ ಮರ ಕಡಿದ ವರ್ಷದ್ದಲ್ಲ. ಅದರ ಆಚೆ ಎಷ್ಟು ಹೋಗಿದೆಯೋ. ಮನೆ ಕಟ್ಟಿದ್ದು 1920ರ ಹೊತ್ತಿಗೆ ಎಂದು ಕಾಕಾನ ಅಂದಾಜು. ಹತ್ತಿಪ್ಪತ್ತು ಉಂಗುರ ಕೆತ್ತಿ ಹೋಗಿವೆ ಎಂದು ಹಿಡಿದರೆ ಆ ಐದು ಕಿರು ಉಂಗುರ ಸರಿಯಾಗಿ 1870ರ ದಶಕಕ್ಕೆ ಬಂದು ಕೂರುತ್ತವೆ. ನನಗೆ ಬೇಕಾದಲ್ಲೇ. ಅದಕ್ಕೇ ಹೆದರಿಕೆ. ಮಂಗಳನ ಮೇಲೆ ಕಾಲುವೆ ಕಂಡದ್ದೂ ಹೀಗೇ ಅಲ್ಲವೇ? ತೊಲೆ ಇನ್ನೂ ಹಳೇ ಮನೆಯೊಂದರಿಂದ ಬಿಚ್ಚಿ ತಂದದ್ದಿರಬಹುದು. ಕಂಬಳಿಹುಳ ಸತತವಾಗಿ ಎಲೆ ತಿಂದ ವರ್ಷಗಳಿರಬಹುದು. ಪಕ್ಕದ ದೊಡ್ಡ ಮರ ಬಿಸಿಲು ಕಸಿದದ್ದಿರಬಹುದು. ಒಂದೇ ಮರ ಎಷ್ಟೇ ಚೆನ್ನಾಗಿ ಮಾತಾಡಿದರೂ ಅದರ ಮಾತು ಅದರದಷ್ಟೇ. ಕನಿಷ್ಠ ಇನ್ನೆರಡು ಬೇಕು.

ಇನ್ನೆರಡು ತೊಲೆ ಲಾರಿಯಲ್ಲಿ ಹೋದದ್ದನ್ನು ನಾನೇ ನಿಂತು ನೋಡಿದ್ದೆ. ಮೊನ್ನೆ ಕಾಕಾಗೆ ಫೋನ್ ಮಾಡಿದೆ. ಅಡ್ಡೆಗೆ ಹೋಗಿ ವಿಚಾರಿಸಿ ಸಂಜೆ ಅವರೇ ತಿರುಗಿ ಮಾಡಿದರು.

"ಒಂದು ಕುಯ್ದು ಹುಬ್ಬಳ್ಳಿಗೆ ಬಾಗಲ ಚೌಕಟ್ಟಿಗೆ ಹೋಗೇತಂತ. ಇನ್ನೊಂದು ಅಲ್ಲೇ ಬಿದ್ದೈತಿ. ತುದಿ ಅಷ್ಟ ಸಾಕಲ್ಲ ನಿನಗ?"

"ಸಾಕು ಕಾಕಾ, ಎರಡು ಬೆರಳು ದಪ್ಪ. ಮೂಲಿಗೆ ಎಲ್ಲ್ಯರ ಬಿಳಿ ಉಳದಿದ್ರ ಅದನ್ನ ಕೆತ್ತಬ್ಯಾಡ ಅಂತ ಹೇಳ್ರಿ."